ಐದನೇ ಬೊಟ್ಟಿನ ಆಚೆ

"ಬರಂಗಿಲ್ಲ ಬೇಟಾ, ಆ ಟೋನ್ ಈ ಊರಾಗ ಬರಂಗಿಲ್ಲ" ಎಂದು ಮೊದಲು ಹೇಳಿದವರು ಆಂಥನಿ ಅಂಕಲ್. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ಹುಬ್ಬಳ್ಳಿಯ ಆರ್ಕೆಸ್ಟ್ರಾಗಳಲ್ಲಿ ಅರ್ಧ ಆಯುಷ್ಯ ಗಿಟಾರ್ ಬಾರಿಸಿದವರು. ಅವರ ಮಾತಿಗೆ ತೂಕವಿತ್ತು. ಎರಡನೆಯವರು ಕಾಲೇಜಿನಲ್ಲಿ ನನ್ನ ಪ್ರಾಜೆಕ್ಟಿಗೆ ಗೈಡ್ ಆಗಿದ್ದ ದೇಸಾಯಿ ಸರ್. ಮೂರನೆಯಾಕಿ ನಮ್ಮ ನೀಲವ್ವತ್ತಿ, ಅಪ್ಪನ ಅಕ್ಕ. ಆಕೆಗೆ ಟೋನ್ ಅಂದರೇನೆಂದು ಗೊತ್ತಿರಲಿಲ್ಲ. ಆಕೆ ಆಗಂಗಿಲ್ಲ ಅಂದದ್ದು ಒಟ್ಟು ನನ್ನ ಎಂಜಿನಿಯರಿಂಗಿಗೇ. "ನಮ್ಮ ಮನೆತನಕ್ಕ ಸಾಲಿ ಹತ್ತೂದಿಲ್ಲ ಸವಿ. ಹತ್ತೂದಿದ್ರ ಇಷ್ಟೊತ್ತಿಗೆ ಒಬ್ಬರಿಗರ ಹತ್ತತಿತ್ತು."

ಇದೆಲ್ಲ ಮೊನ್ನೆ ಧಾರವಾಡದ ಅಂಚೆ ಕಚೇರಿಯಲ್ಲಿ ನೆನಪಾಯಿತು. ಸರದಿಯಲ್ಲಿ ನಿಂತಿದ್ದೆ. ಪಕ್ಕದ ಮೇಜಿನ ಮೇಲೆ ಒಬ್ಬರು ಬಟ್ಟೆಯಲ್ಲಿ ಹೊಲಿದ ಪಾರ್ಸಲ್ಲಿಗೆ ಅರಗು ಹಾಕುತ್ತಿದ್ದರು. ಮೇಣಬತ್ತಿಯ ಉರಿಗೆ ಕೆಂಪು ಕಡ್ಡಿ ಹಿಡಿದು, ಕರಗಿದ ಅರಗನ್ನು ಗಂಟಿನ ಮೇಲೆ ಹನಿಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ತಾರಿಹಾಳದ ತಗಡಿನ ಶೆಡ್ಡಿನಲ್ಲಿದ್ದೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ನಾನೊಬ್ಬಳೇ. ಹಿಂದೆ ನಿಂತವರು "ಮೇಡಂ, ಮುಂದ ಸರಕೋರಿ, ನಿಮ್ಮ ಪಾಳಿ ಬಂತು" ಅಂದಾಗಲೇ ಹೊಳ್ಳಿ ಬಂದೆ.

ಅದು ತೊಂಬತ್ತೊಂಬತ್ತರ ಬೇಸಿಗೆ. ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆ.

ಅಪ್ಪ ಧಾರವಾಡದ ಮಗ್ಗುಲ ಹಳ್ಳಿ ಮುಗದದವನು. ಹರೆಯದಲ್ಲೇ ಹುಬ್ಬಳ್ಳಿಗೆ ಬಂದು ಯಾರದೋ ಸೌಂಡ್ ಸರ್ವಿಸಿನಲ್ಲಿ ಭೋಂಗಾ, ಅಂದರೆ ತುತ್ತೂರಿಯಂಥ ಲೌಡ್‌ಸ್ಪೀಕರು ಹೊತ್ತು, ಗಿಡ ಹತ್ತಿ ಅದನ್ನು ಕಟ್ಟಿ, ತಂತಿ ಎಳೆದು, ಕಡೆಗೆ ತನ್ನದೇ ಒಂದು ಅಂಗಡಿ ಮಾಡಿಕೊಂಡ. ಮದುವೆ, ತೊಟ್ಟಿಲು, ಗಣಪತಿ, ಎಲೆಕ್ಷನ್ ಸಭೆ, ಆರ್ಕೆಸ್ಟ್ರಾ, ಎಲ್ಲಕ್ಕೂ ನಮ್ಮ ಮಷೀನು ಹೋಗುತ್ತಿತ್ತು. ಮಷೀನು ಅಂದರೆ ಆಂಪ್ಲಿಫೈಯರ್. ಹಳೇ ಕಾಲದ, ಗಾಜಿನ ವಾಲ್ವುಗಳ, ಒಬ್ಬರಿಗೆ ಎತ್ತಲಾಗದಷ್ಟು ಭಾರದ ಕಬ್ಬಿಣದ ಪೆಟ್ಟಿಗೆ. ಚಾಲೂ ಮಾಡಿದ ಮೇಲೆ ವಾಲ್ವು ಕೆಂಪಗೆ ಕಾದು ದನಿ ಬರುವ ತನಕ ಕಾಯಬೇಕು. ಅಷ್ಟರಲ್ಲಿ ಅದರ ಮೇಲಿನ ಧೂಳು ಬೆಚ್ಚಗಾಗಿ ಒಂದು ವಾಸನೆ ಹೊರಡುತ್ತಿತ್ತು. ನನಗೆ ಅದು ಅಪ್ಪನ ಅಂಗಿಯ ವಾಸನೆ.

ಅಪ್ಪನಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಮಷೀನಿನ ಮುಖದ ಮೇಲೆ ಅಚ್ಚಾಗಿದ್ದ ಅಂಕಿಗಳ ಮೇಲೆ ಕರಿ ಬಣ್ಣ ಬಳಿದು, ದನಿ ಏರಿಸುವ ಗುಂಡಿಯ ಸುತ್ತ ತಾನೇ ಐದು ಕೆಂಪು ಬೊಟ್ಟು ಇಟ್ಟಿದ್ದ. ಆಳುಗಳಿಗೆ ಅದೇ ಲೆಕ್ಕ. "ಪೂಜಿಗೆ ಎರಡು ಬೊಟ್ಟು, ಮದಿವಿಗೆ ಮೂರು, ಗಣಪತಿಗೆ ನಾಕು. ಐದು ಅಂದ್ರ ಬಯಲಾಗಿನ ಸಭಾಕ್ಕ, ಅದೂ ನನ್ನ ಕೇಳಿ." ಐದನೇ ಬೊಟ್ಟಿನ ಮಗ್ಗುಲಲ್ಲಿ ಒಂದು ಗುಂಡು ಅರಗು ಹಾಕಿ, ಬಿಸಿ ಇರುವಾಗಲೇ ಹೆಬ್ಬೆಟ್ಟು ಒತ್ತಿದ್ದ. ಗುಂಡಿಯ ಮೂತಿ ಅಲ್ಲಿಗೆ ಬಂದು ತಾಗಿ ನಿಲ್ಲುತ್ತಿತ್ತು. ಗುಂಡಿ ಮುಗಿಯುವುದೇ ಅಲ್ಲಿಗೆ, ಇದು ನಮ್ಮ ಮಷೀನು ಅಂತ ಗುರುತಿಗೆ ಅಪ್ಪ ಅರಗು ಹಾಕಿದ್ದಾನೆ ಎಂದು ಎಲ್ಲರೂ ತಿಳಿದಿದ್ದರು. ಅಂಗಡಿಯಲ್ಲೇ ಆಡಿ ಬೆಳೆದ ನಾನೂ ಹಾಗೇ ತಿಳಿದಿದ್ದೆ.

ಅಪ್ಪನ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿತ್ತು. "ಶುಭಕಾರ್ಯದ ಮನ್ಯಾಗ ಚಹಾದ ಕಪ್ಪು ಬಸಿ ಒಡೀಲಿ, ನಡೀತೈತಿ. ದನಿ ಒಡೀಬಾರದು." ಭೋಂಗಾದಲ್ಲಿ ದನಿ ಗರಗರ ಅಂದರೆ ಉಣ್ಣುವ ಎಲೆ ಬಿಟ್ಟು ಎದ್ದು ಓಡುತ್ತಿದ್ದ.

ತಾಯಿ ನನ್ನ ಸಣ್ಣಂದಿನಲ್ಲೇ ಹೋದಳು. ಗಂಡ ಸತ್ತು ತವರಿಗೆ ಬಂದಿದ್ದ ನೀಲವ್ವತ್ತಿಯೇ ನನ್ನನ್ನು ಬೆಳೆಸಿದಳು. ನಾನು ಕನ್ನಡ ಸಾಲಿಯಲ್ಲಿ ಕಲಿತು ಎಂಜಿನಿಯರಿಂಗಿಗೆ ಹೋದವಳು. ಮೊದಲ ವರ್ಷ ಗಣಿತದಲ್ಲಿ ಫೇಲಾದೆ, ಇಂಗ್ಲಿಷ್ ಪಾಠ ಅರ್ಥವಾಗದೆ ಡಿಕ್ಷನರಿ ಹಿಡಿದು ಕೂತೆ, ಮತ್ತೆ ಬರೆದೆ, ಪಾಸಾದೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದು ಸಹಿ ಮಾಡಿದವಳು ನಾನೇ ಮೊದಲು. ಮೂರನೇ ವರ್ಷದಲ್ಲಿದ್ದಾಗ ಅಪ್ಪ ಎದೆನೋವು ಬಂದು ಹೋಗಿಬಿಟ್ಟ. ಮನೆ ತುಂಬ ಮಂದಿ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಬಂದವರಿಗೆ ನೀರು ಕೊಡುತ್ತ ಓಡಾಡಿದೆ. "ಕಲತ ಹುಡುಗಿ, ಗಟ್ಟಿ ಅದಾಳ" ಅಂದರು.

ಅಂಗಡಿಯನ್ನು ಅಪ್ಪನ ಕೈಕೆಳಗೆ ದುಡಿದವನೊಬ್ಬ ವಹಿಸಿಕೊಂಡ. ಹೊಸ ಮಷೀನು, ಬಾಕ್ಸ್ ಸ್ಪೀಕರು ಅವನ ಕಡೆ ಹೋದವು. ಹಳೇ ವಾಲ್ವಿನ ಮಷೀನುಗಳು ಯಾರಿಗೂ ಬೇಡಾದವು. ಅಂಥವು ಮೂರು, ಹುಬ್ಬಳ್ಳಿಯ ಹೊರಗೆ ತಾರಿಹಾಳದಲ್ಲಿ ಅಪ್ಪ ಸಾಮಾನು ಇಡುತ್ತಿದ್ದ ಶೆಡ್ಡಿನಲ್ಲಿ ಉಳಿದವು.

ಅಪ್ಪ ತೀರಿದ ಸುದ್ದಿ ಕೇಳಿ ಆಂಥನಿ ಅಂಕಲ್ ಮಾತಾಡಿಸಲು ಬಂದವರು ಕಂಕುಳಲ್ಲಿ ಒಂದು ಎಲ್‌ಪಿ ರೆಕಾರ್ಡು ಇಟ್ಟುಕೊಂಡಿದ್ದರು. "ನಿಮ್ಮಪ್ಪಗ ಇದನ್ನ ಕೇಳಸ್ಬೇಕಂತ ಭಾಳ ದಿನದಿಂದ ಇತ್ತು. ಇವತ್ತು ನಾಳೆ ಅಂದಕೋತ ಹೋತು. ನೀನರ ಕೇಳು, ಬಾ." ಮರುದಿನ ಅವರ ಮನೆಗೆ ಹೋದೆ. ರೆಕಾರ್ಡು ಹಚ್ಚಿದರು.

ಬಾರಿಸಿದವನ ಹೆಸರು ಬರೆಯುವುದಿಲ್ಲ. ಗಿಟಾರ್ ಕೇಳುವವರಿಗೆಲ್ಲ ಗೊತ್ತಿರುವ ಹೆಸರು. ಕೇಳದವರಿಗೆ ಹೇಳಿ ಉಪಯೋಗವಿಲ್ಲ. ಒಂದು ಸ್ವರ ಹಿಡಿದ. ತಂತಿ ಮೀಟಿದ ಮೇಲೆ ಸ್ವರ ಕ್ಷೀಣಿಸಬೇಕಲ್ಲ, ಅದು ಏರಿತು. ಏರಿ, ಅಂಚಿನಲ್ಲಿ ಸೀಳಿ, ಸೀಳಿದ ಮೇಲೂ ನಿಂತಿತು. ಗಂಟಲು ಕಟ್ಟಿದರೂ ಮಾತು ಬಿಡದೆ ಹೇಳುವವರ ದನಿ ಹೇಗಿರುತ್ತದೆ, ಹಾಗಿತ್ತು. ನಾನು ಕುರ್ಚಿಯ ತುದಿಗೆ ಬಂದಿದ್ದೆ.

"ಇದು ಕೆಟ್ಟ ಮಷೀನು ಏನ್ರಿ ಅಂಕಲ್?" ಎಂದು ಕೇಳಿದೆ. ಸೌಂಡ್ ಸರ್ವಿಸಿನವನ ಮಗಳಲ್ಲವೇ.

ಅವರು ಕೆಮ್ಮು ಬರುವ ತನಕ ನಕ್ಕರು. "ಕೆಟ್ಟದ್ದಲ್ಲ ಬೇಟಾ, ಲೋಕದಾಗ ಎಲ್ಲಾರೂ ಇದರ ಬೆನ್ನ ಹತ್ತ್ಯಾರ. ಅವಂದೂ ವಾಲ್ವ್ ಮಷೀನ್, ನಿಮ್ಮಪ್ಪಂದೂ ವಾಲ್ವ್ ಮಷೀನ್. ಆದ್ರ ನಿಮ್ಮಪ್ಪನ ಮಷೀನ್ ಏನ್ ಕೊಟ್ರೂ ಸಾಬಾಣ ಹಚ್ಚಿ ತೊಳದು ಕೊಡತೈತಿ. ನಾ ಮಾಡಿ ಮಾಡಿ ಬಿಟ್ಟೇನಿ. ಬರಂಗಿಲ್ಲ."

"ಯಾಕ ಬರಂಗಿಲ್ರಿ?"

"ಅವರ ದೇಶದ ಕರೆಂಟ್ ಬ್ಯಾರೆ."

ನಾನು ಎಲೆಕ್ಟ್ರಾನಿಕ್ಸ್ ಓದುತ್ತಿದ್ದೆ. ಕರೆಂಟಿಗೆ ದೇಶ ಇರುವುದಿಲ್ಲ ಎಂಬಷ್ಟು ಗೊತ್ತಿತ್ತು. ಅದೇ ದಿನ ನನ್ನ ಪ್ರಾಜೆಕ್ಟು ನಿರ್ಧಾರವಾಯಿತು.

ದೇಸಾಯಿ ಸರ್ ಧಾರವಾಡದವರು, ಸಂಗೀತದ ಮನೆತನದವರು. ಮನೆಯಲ್ಲಿ ಎರಡು ತಂಬೂರಿ ಇದ್ದವಂತೆ. ಲ್ಯಾಬಿನಲ್ಲಿ ಯಾರಾದರೂ ಸ್ಪೀಕರು ಕರ್ರ್ ಅನ್ನಿಸಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನನ್ನ ಮಾತು ಕೇಳಿ ಕನ್ನಡಕ ತೆಗೆದರು.

"ಸವಿತಾ, ಜನ ಧ್ವನಿ ಶುದ್ಧ ಮಾಡ್ಲಿಕ್ಕೆ ಪ್ರಾಜೆಕ್ಟ್ ಮಾಡ್ತಾರ. ನೀ ಕೆಡಸ್ಲಿಕ್ಕೆ ಹೊಂಟೀ?"

"ಕೆಡಸೂದಲ್ರಿ ಸರ್. ಆ ಧ್ವನಿ ಹೆಂಗ ಬರತದ ಅನ್ನೂದು..."

"ಆಗೂದಿಲ್ಲದು. ಮುದುಕ ವಾಲ್ವು, ಭೋಂಗಾದ ಮಷೀನು. ಎಲ್ಲಾರೂ ಮೈಕ್ರೋಪ್ರೊಸೆಸರ್ ಮಾಡ್ಲಿಕ್ಕತ್ತಾರ, ಯಾರದರೆ ಬ್ಯಾಚಿನಾಗ ಸೇರಿಬಿಡು."

ಯಾವ ಬ್ಯಾಚೂ ನನ್ನನ್ನು ಕರೆದಿರಲಿಲ್ಲ. ಹುಡುಗರು ನಾಲ್ಕು ನಾಲ್ಕು ಮಂದಿ ಗುಂಪಾಗಿದ್ದರು. ಇದ್ದ ಇನ್ನಿಬ್ಬರು ಹುಡುಗಿಯರು ಒಂದಾಗಿದ್ದರು. ನಾನು ಹಟ ಹಿಡಿದೆ. ಕಡೆಗೆ ಸರ್ ಹೇಳಿದರು. "ಮಾಡು. ಆದರ ಒಂದು ಮಾತು. ಹಳೇ ಮಷೀನು ರಿಪೇರಿ ಮಾಡಿ ತಂದು ಮುಂದಿಟ್ರ ಅದು ಪ್ರಾಜೆಕ್ಟ್ ಅಲ್ಲ, ರಿಪೇರಿ. ಪರೀಕ್ಷಾದ ದಿವಸ ಆ ಧ್ವನಿ ಕೇಳಬೇಕು. ಕೇಳದಿದ್ರ ನಾ ಸಹಿ ಮಾಡೂದಿಲ್ಲ. ಮುಂದಿನ ವರ್ಷ ಮತ್ತ ಬಾ."

ನಮಗೆ ಮುಂದಿನ ವರ್ಷ ಎನ್ನುವುದು ಇರಲಿಲ್ಲ. ಇನ್ನೊಂದು ವರ್ಷ ಕಾಲೇಜು ಅಂದರೆ ಅತ್ತಿ ಮುಗದಕ್ಕೆ ಹೋಗಿ ಹೊಲದ ಕೆಲಸಕ್ಕೆ ನಿಲ್ಲಬೇಕು, ನಾನು ಓದು ಬಿಡಬೇಕು. ಇದನ್ನು ಸರ್ ಮುಂದೆ ಹೇಳಲಿಲ್ಲ. "ಆತ್ರಿ ಸರ್" ಅಂದೆ.

ಹೋಳಿಯ ಬಣ್ಣ ಇನ್ನೂ ಗೋಡೆಗಳ ಮೇಲೆ ಇದ್ದಾಗ ತಾರಿಹಾಳಕ್ಕೆ ಹೋಗತೊಡಗಿದೆ. ಬಸ್ಸಿನಲ್ಲಿ ಕಾರ್ಖಾನೆಗೆ ಹೋಗುವ ಗಂಡಸರೇ ತುಂಬಿರುತ್ತಿದ್ದರು, ನಾನು ಡ್ರೈವರಿನ ಹಿಂದಿನ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟು ಕೂರುತ್ತಿದ್ದೆ. ಹರೆಯದ ಹುಡುಗಿ ಒಬ್ಬಳೇ ಶೆಡ್ಡಿನಲ್ಲಿ ಹೆಂಗ ಅಂತ ಮೊದಮೊದಲು ಅತ್ತಿಯೂ ಬಂದಳು. ಮೂಲೆಯಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯುತ್ತ ಕಾವಲು ಕಾಯ್ದಳು. ಬಂದ ದಿನವೇ ಮೂರೂ ಮಷೀನುಗಳ ಧೂಳು ಒರೆಸಿ, ಒಂದೊಂದಕ್ಕೂ ವಿಭೂತಿ ಹಚ್ಚಿ, ಅರಗಿನ ಮೇಲಿನ ಹೆಬ್ಬೆಟ್ಟನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ತಮ್ಮಾ, ನಿನ್ನ ಮಗಳು ಬಂದಾಳ ನೋಡಪಾ" ಅಂದಳು. ಆಮೇಲೆ ತಗಡಿನ ಕಾವು ತಾಳದೆ ಬರುವುದು ಬಿಟ್ಟಳು. ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಕಟ್ಟಿ ಕಳಿಸುತ್ತಿದ್ದಳು.

ಹುಬ್ಬಳ್ಳಿಯ ಒಂದು ಸೈಬರ್ ಕೆಫೆಯಲ್ಲಿ ಆ ಗಿಟಾರಿನವನು ಬಳಸಿದ ಆಂಪ್ಲಿಫೈಯರಿನ ನಕ್ಷೆ ಸಿಕ್ಕಿತು. ಒಂದು ಚಿತ್ರ ಪರದೆಯ ಮೇಲೆ ಇಳಿದು ಬರುವ ತನಕ ಒಂದು ಚಹಾ ಆರುತ್ತಿತ್ತು. ಪ್ರಿಂಟು ತಂದು ನಮ್ಮ ಮಷೀನಿನ ಹೊಟ್ಟೆ ಬಿಚ್ಚಿ ಪಕ್ಕ ಇಟ್ಟು ನೋಡಿದೆ. ಒಂದೇ ವಂಶದವು! ಅದೇ ಜಾತಿಯ ವಾಲ್ವು, ಅದೇ ಜೋಡಣೆ, ಅಲ್ಲಲ್ಲಿ ಒಂದೆರಡು ಫರಕು. ಅವತ್ತು ಪರೀಕ್ಷೆ ಪಾಸಾದೆ ಅಂತಲೇ ಅಂದುಕೊಂಡು ಕುಣಿಯುತ್ತ ಮನೆಗೆ ಬಂದಿದ್ದೆ.

ಒಣಗಿದ ಕಂಡೆನ್ಸರುಗಳನ್ನು ಬದಲಿಸಿದೆ. ಫರಕು ಇದ್ದಲ್ಲಿ ನಕ್ಷೆಯ ಪ್ರಕಾರ ಮಾಡಿದೆ. ಮೂರರಲ್ಲಿನ ಒಳ್ಳೆಯ ವಾಲ್ವುಗಳನ್ನು ಒಂದಕ್ಕೆ ಕೂಡಿಸಿದೆ. ಭೋಂಗಾ ತೆಗೆದು ಕಾಗದದ ಕೋನಿನ ಹಳೇ ಸ್ಪೀಕರು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂಡಿಸಿದೆ. ಆಂಥನಿ ಅಂಕಲ್ ತಮ್ಮ ಗಿಟಾರ್ ಕೊಟ್ಟಿದ್ದರು. ನನಗೆ ಬಾರಿಸಲು ಬರುವುದಿಲ್ಲ, ಅವರು ಒಂದೇ ಒಂದು ಸ್ವರ ಕಲಿಸಿದ್ದರು. ಇಲ್ಲಿ ಒತ್ತು, ಇಲ್ಲಿ ಮೀಟು, ಹಿಡಿ, ಬಿಡಬ್ಯಾಡ. ದಿನವಿಡೀ ಅದೊಂದೇ ಸ್ವರ. ಪಕ್ಕದ ಫ್ಯಾಬ್ರಿಕೇಶನ್ ಶೆಡ್ಡಿನ ವೆಲ್ಡರ್ ಒಬ್ಬ ಬಾಗಿಲಲ್ಲಿ ನಿಂತು ಕೇಳಿದ. "ಅಕ್ಕಾರ, ಹಾಡು ಯಾವಾಗ ಚಾಲೂ ಆಗತೈತ್ರಿ? ನಾವು ಕಾಯ್ದ ಕಾಯ್ದ ಎರಡು ಗೇಟ್ ಮಾಡಿ ಮುಗಿಸಿದ್ವಿ."

ಹಾಡು ಚಾಲೂ ಆಗಲಿಲ್ಲ. ಸ್ವರ ಬರುತ್ತಿತ್ತು. ಚೊಕ್ಕ, ದುಂಡು, ನೀರಿನ ಹಾಗೆ ತಿಳಿ. ಮೀಟಿದ ಕ್ಷಣ ಇದ್ದು, ಮೆಲ್ಲಗೆ ಸತ್ತು ಹೋಗುತ್ತಿತ್ತು. ಕಾಲೇಜಿಗೆ ಒಯ್ದು ಆಸಿಲೋಸ್ಕೋಪಿಗೆ ಹಚ್ಚಿದಾಗ ಪರದೆಯ ಮೇಲೆ ಗುಡ್ಡದ ಸಾಲಿನಂಥ ನುಣುಪು ಅಲೆ ಮೂಡಿತು. ದೇಸಾಯಿ ಸರ್ ಹಿಗ್ಗಿದರು. "ಎಷ್ಟ್ ಚಂದ ಅದ ನೋಡಿಲ್ಲೆ! ನಿಮ್ಮ ತಂದಿಯವರು ಎಂಥಾ ಮಷೀನು ಕಾದಿಟ್ಟಾರ!" ಎಂದು ಹೇಳಿ, ಸ್ವಲ್ಪ ತಡೆದು, ಮೆತ್ತಗೆ ಸೇರಿಸಿದರು. "ಆದರ ನೀ ಬರಕೊಟ್ಟದ್ದು ಇದಲ್ಲಲ್ಲಾ."

ವಾಲ್ವಿನ ತಪ್ಪು ಅಂದುಕೊಂಡೆ, ಬದಲಿಸಿದೆ. ಸ್ಪೀಕರಿನ ತಪ್ಪು ಅಂದುಕೊಂಡೆ, ಬದಲಿಸಿದೆ. ದನಿಯ ಗುಂಡಿಯನ್ನೂ ಮೀಟರಿನಲ್ಲಿ ಅಳೆದೆ, ಮೀಟರು ಸರಿ ಅಂತು. ಮೂರು ಮಷೀನಿನಲ್ಲೂ ಅದೇ ತಿಳಿನೀರು. ಕರೆಂಟಿಗೆ ದೇಶ ಇದೆಯೋ ಏನೋ ಅಂತ ನನಗೂ ಅನಿಸತೊಡಗಿತು.

ಆ ದಿನಗಳ ಒಂಟಿತನವನ್ನು ಹೇಗೆ ಹೇಳಲಿ. ಗೆಳತಿಯರು ಕಾಲೇಜಿನ ಮುಂದೆ ಕಬ್ಬಿನ ಹಾಲು ಕುಡಿಯುತ್ತ ಕ್ಯಾಂಪಸ್ ಇಂಟರ್‌ವ್ಯೂ ಮಾತಾಡುತ್ತಿದ್ದರು. ನಾನು ಹೋದರೆ ಮಾತು ನಿಲ್ಲುತ್ತಿರಲಿಲ್ಲ, ಆದರೆ ನನ್ನ ಕಡೆಗೆ ತಿರುಗುತ್ತಲೂ ಇರಲಿಲ್ಲ. ಮನೆಯಲ್ಲಿ ಅತ್ತಿಯ ಮುಂದೆ ಹೇಳಿದರೆ "ದನಿ ಬರಾಕತ್ತೈತೋ ಇಲ್ಲೋ? ಬರತೈತಿ. ಮತ್ತ ಏನ್ ಬೇಕವಾ?" ಅನ್ನುತ್ತಿದ್ದಳು. ನನಗೆ ಬೇಕಾದದ್ದು ಏನೆಂದು ಹುಬ್ಬಳ್ಳಿ ಧಾರವಾಡದಲ್ಲಿ ಇನ್ನೊಬ್ಬರಿಗೆ ಮಾತ್ರ ಗೊತ್ತಿತ್ತು. ಆ ಟೋನ್ ಬರಂಗಿಲ್ಲ ಅಂತ ಆಂಥನಿ ಅಂಕಲ್ ಮೊದಲೇ ಹೇಳಿಯಾಗಿತ್ತು. ಮಧ್ಯಾಹ್ನ ಪಕ್ಕದವರು ಊಟಕ್ಕೆ ಹೋದಾಗ ತಾರಿಹಾಳ ಸದ್ದಿಲ್ಲದೆ ಬಿಸಿಲಲ್ಲಿ ಬಿದ್ದಿರುತ್ತಿತ್ತು. ಆಗ ಗಿಟಾರಿನ ವೈರು ಕಿತ್ತು ಅಪ್ಪನ ಹಳೇ ಮೈಕು ಸಿಗಿಸಿ, ಅವನ ಹಾಗೇ ಎರಡು ಸಲ ಬೆರಳು ಬಡಿದು, "ಹಲೋ... ಹಲೋ... ಮೈಕ್ ಟೆಸ್ಟಿಂಗ್" ಅನ್ನುತ್ತಿದ್ದೆ. ಇಡೀ ದಿನದಲ್ಲಿ ನಾನು ಆಡಿದ ಮಾತು ಎಷ್ಟೋ ಸಲ ಅದೊಂದೇ.

ಮೇ ತಿಂಗಳು ಅರ್ಧ ಕಳೆದಿತ್ತು. ಮೋಡ ಕಟ್ಟಿ ಮಳೆ ಆಗದೆ ಉಬ್ಬೆಯ ಸೆಕೆ ಹತ್ತಿದ ಒಂದು ಮಧ್ಯಾಹ್ನ. ಬೆಳಿಗ್ಗೆಯಿಂದ ಮಷೀನು ಚಾಲೂ ಇತ್ತು. ತಗಡು ಮೇಲಿಂದ ಸುಡುತ್ತಿತ್ತು, ವಾಲ್ವುಗಳು ಒಳಗಿನಿಂದ. ಬಸಿಯುತ್ತಿದ್ದ ಬೆವರು ಒರೆಸಿಕೊಂಡು, ಸ್ವರ ಮೀಟಿ, ಒಂದು ಕೈಯಲ್ಲಿ ತಂತಿ ಒತ್ತಿ ಹಿಡಿದು, ಮೀಟಿದ ಕೈಯಿಂದ ಬೇಸರದಲ್ಲಿ ಗುಂಡಿಯನ್ನು ಕೊನೆಗೆ ಒತ್ತಿ ತಿರುಗಿಸಿದೆ. ಅದು ಐದನೇ ಬೊಟ್ಟು ದಾಟಿತು. ಕೂದಲೆಳೆಯಷ್ಟೇ. ಸ್ಪೀಕರು ಗರ್ರ್ ಅಂತು.

ನಾನು ಮಾಡಿದ್ದೇನು ಗೊತ್ತೇ? ತಟ್ಟನೆ ಹಿಂದಕ್ಕೆ ತಿರುಗಿಸಿದೆ. ದನಿ ಒಡೀತು, ಅಪ್ಪ ಬೈತಾನ. ಅಪ್ಪ ಹೋಗಿ ಒಂದು ವರ್ಷದ ಮೇಲಾಗಿತ್ತು.

ಆಮೇಲೆ ಬಗ್ಗಿ ನೋಡಿದೆ. ಕಾವಿಗೆ ಅರಗು ಮೆತ್ತಗಾಗಿತ್ತು. ಗುಂಡಿಯ ಮೂತಿ ಅದರೊಳಗೆ ಚೂರು ಹೊಕ್ಕು, ಹೆಬ್ಬೆಟ್ಟಿನ ಗೆರೆಗಳ ಅಂಚಿನಲ್ಲಿ ಒಂದು ಗಾಯ ಮಾಡಿತ್ತು. ಅರಗಿನ ವಾಸನೆ ಶೆಡ್ಡಿನ ತುಂಬ. ಗುಂಡಿ ಐದಕ್ಕೆ ಮುಗಿಯುತ್ತಿರಲಿಲ್ಲ. ಅಪ್ಪ ಅಲ್ಲಿ ಮುಗಿಸಿದ್ದ. ಕುಡಿದು ಬಂದ ಬೀಗರು, ಹುಮ್ಮಸ್ಸಿನ ಹುಡುಗರು, ಆರ್ಕೆಸ್ಟ್ರಾದವರು ಯಾರೂ ದಾಟಿಸಿ ದನಿ ಒಡೆಯಬಾರದೆಂದು ಕಟ್ಟೆ ಕಟ್ಟಿ, ಅದರ ಮೇಲೆ ಹೆಬ್ಬೆಟ್ಟು ಒತ್ತಿದ್ದ. ಆ ಗಿಟಾರಿನವನು ಮಾಡಿದ್ದು ಇಷ್ಟೇ ಆಗಿತ್ತು, ಮಷೀನು ತಾಳಲಾರದಷ್ಟು ಏರಿಸಿ ಅಲ್ಲೇ ನಿಂತಿದ್ದ. ನಾನು ನಾಲ್ಕು ವರ್ಷ ಓದಿ, ನಕ್ಷೆ ತಂದು, ಒಳಗಿನದೆಲ್ಲ ಬದಲಿಸಿದ್ದೆ. ಹೊರಗೆ ಕಣ್ಣೆದುರಿಗಿದ್ದ ಅರಗನ್ನು ಮಾತ್ರ ಪ್ರಶ್ನೆ ಮಾಡಿರಲಿಲ್ಲ. ಬೇರೆ ಯಾರ ಮಗಳಾಗಿದ್ದರೂ ಮೊದಲ ದಿನವೇ ಕಿತ್ತು ಒಗೆದಿರುತ್ತಿದ್ದಳು.

ಕೀಳುವುದು ಒಂದು ನಿಮಿಷದ ಕೆಲಸ. ಆದರೆ ಕೈ ಏಳಲಿಲ್ಲ. ಮನೆಯಲ್ಲಿ ಅಪ್ಪನ ಫೋಟೋ ಇತ್ತು, ಸ್ಟುಡಿಯೋದವನು ಬಣ್ಣ ತಿದ್ದಿ ಯಾರೋ ಅನ್ನುವ ಹಾಗೆ ಮಾಡಿದ್ದ. ಇದು ಅವನ ಬೆರಳು. ಮಗ್ಗುಲಲ್ಲಿ ಒಂದು ಸಣ್ಣ ಗೀರು ಕೂಡ ಇತ್ತು, ತಂತಿ ಕೊಯ್ದದ್ದು.

ಮನೆಗೆ ಬಂದು ಅತ್ತಿಯ ಮುಂದೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳ ಕೈ ನಿಂತಿತು.

"ಅದನ್ನ ತಗದ್ರ?"

"ತಗದ್ರ ಆ ದನಿ ಬರತೈತಿ."

"ಎಂಥಾ ದನಿ?"

"ಒಡದ ದನಿ, ಅತ್ತಿ."



"ಒಡದ ದನಿ ಬರಬೇಕಂತ ಅವನ ಹೆಬ್ಬೆಟ್ಟು ಒಡೀತಿ?" ಅತ್ತಿಯ ಮುಖ ಒಲೆಯ ಬೆಳಕಿನಲ್ಲಿ ನಡುಗುತ್ತಿತ್ತು. "ಅವಾ ಜನ್ಮ ಪೂರ್ತಿ ಏನು ಆಗಬಾರದಂತ ಓಡ್ಯಾಡಿದ್ನೋ ಅದನ್ನ ಮಾಡಾಕ ಅವನ ಮಗಳ ಆಗಬೇಕೇನ? ಇದಕ್ಕೇನ ನಿನ್ನ ಸಾಲಿ ಕಲಿಸಿದ್ದು?"

"ಒಂದ ಮಷೀನು ಅತ್ತಿ. ಇನ್ನೆರಡು ಹಂಗ ಇರತಾವು."

"ಮನಶ್ಯಾನ ಒಂದ ಕಣ್ಣು ಕಿತ್ತು ಇನ್ನೊಂದೈತಲ್ಲಾ ಅಂದಂಗಾತು."

ಮರುದಿನ ಶೆಡ್ಡಿಗೆ ಹೋಗಿ, ಇಡಿಯಾಗಿ ತೆಗೆದು ಜೋಪಾನ ಮಾಡಬೇಕೆಂದು ಬ್ಲೇಡು ಕಾಯಿಸಿ ಅಡಿಗೆ ಹಾಯಿಸಿದೆ. ಮೇಲೆದ್ದಿತು ಅನ್ನುವಷ್ಟರಲ್ಲಿ ಟಕ್ಕೆಂದು ಒಡೆದು ಚೂರಾಯಿತು. ಕೂಡಿಸಲು ನೋಡಿದೆ. ಗೆರೆಗಳು ಕೂಡಲಿಲ್ಲ. ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಟ್ಟೆ.

ಆಮೇಲೆ ಆ ಒಂದು ಸ್ವರ ಮೀಟಿ, ಗುಂಡಿಯನ್ನು ಬೊಟ್ಟುಗಳಿಲ್ಲದ ಕಡೆಗೆ ತಿರುಗಿಸಿದೆ. ಕರಿ ಬಣ್ಣದ ಬಯಲು, ಅಲ್ಲಿಗೆ ಅಪ್ಪ ಒಂದು ಗುರುತೂ ಇಟ್ಟಿರಲಿಲ್ಲ. ಸ್ವರ ಮೊದಲು ಒರಟಾಯಿತು. ಆಮೇಲೆ ಏರಿತು. ಏರಿ, ಅಂಚಿನಲ್ಲಿ ಸೀಳಿ, ನಿಂತಿತು. ನನ್ನ ಬೆರಳು ತಂತಿಯ ಮೇಲೆ ನಡುಗಿದರೆ ಅದೂ ನಡುಗುತ್ತಿತ್ತು. ಎಷ್ಟು ಹೊತ್ತು ಹಿಡಿದೆನೋ. ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ನಿಂತಿತು. ಬಾಗಿಲಿಗೆ ಬಂದ ವೆಲ್ಡರ್ ಏನೋ ಚೇಷ್ಟೆ ಮಾಡಲು ಬಾಯಿ ತೆರೆದವನು ನನ್ನ ಮುಖ ನೋಡಿ ಹಾಗೇ ಹೊರಳಿ ಹೋದ. ನಾನು ಅಳುತ್ತಿದ್ದೆ. ಒಂದು ವರ್ಷ ತಡವಾಗಿ, ಬಾಯಿ ತೆರೆದು, ಆ ಸದ್ದಿನ ಕೆಳಗೆ ಯಾರಿಗೂ ಕೇಳದ ಹಾಗೆ. ಸಂಜೆಗೆ ಮಳೆ ಬಂತು, ತಗಡಿನ ಮೇಲೆ ಕಲ್ಲು ಸುರಿದ ಹಾಗೆ.

ಗೆದ್ದೆ ಅಂತ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತಿ ಇದ್ದಳು, ಮಾತು ಬಿಟ್ಟಿದ್ದಳು. ನನ್ನ ಕೈಯ ಕರವಸ್ತ್ರ ನೋಡಿಯೇ ಅವಳಿಗೆ ತಿಳಿಯಿತು. ಅವತ್ತಿನಿಂದ ನನಗೆ ಹೇಳುವುದನ್ನೆಲ್ಲ ಒಲೆಗೆ ಹೇಳತೊಡಗಿದಳು. "ತಾಟು ಬಡಿಸೇತಿ, ಹಸದವರು ಉಣ್ಣಲಿ." "ಮಳಿ ಬರೂವಂಗೈತಿ, ಹೊರಗ ಹೋಗವರು ಛತ್ರಿ ಒಯ್ಯಲಿ." ಎರಡೇ ಮಂದಿ ಇರುವ ಮನೆಯಲ್ಲಿ ಒಬ್ಬರು ಮಾತು ಬಿಟ್ಟರೆ ಗೋಡೆಗಳು ಹತ್ತಿರ ಬರುತ್ತವೆ. ತಾರಿಹಾಳದ ಶೆಡ್ಡೇ ಅದಕ್ಕಿಂತ ವಾಸಿ ಅನಿಸುತ್ತಿತ್ತು.

ಪರೀಕ್ಷೆಯ ದಿನ ಮಷೀನನ್ನು ಟೆಂಪೋದಲ್ಲಿ ಹಾಕಿ ಕಾಲೇಜಿಗೆ ಒಯ್ದೆ. ಆಂಥನಿ ಅಂಕಲ್ ಕೋಟು ಹಾಕಿಕೊಂಡು ಬಂದಿದ್ದರು. ಅವರಿಗೆ ನಾನು ಏನೂ ಹೇಳಿರಲಿಲ್ಲ. ಅವರ ಬೆರಳುಗಳ ಗೆಣ್ಣು ಬಾತಿದ್ದವು. "ಎರಡು ನಿಮಿಷದ ಮ್ಯಾಲೆ ನಂದು ಗ್ಯಾರಂಟಿ ಇಲ್ಲ ಬೇಟಾ" ಅಂದರು. ಹೊರಗಿನಿಂದ ಬಂದ ಪರೀಕ್ಷಕರು, ದೇಸಾಯಿ ಸರ್, ಬಾಗಿಲಲ್ಲಿ ಒಂದಿಷ್ಟು ಹುಡುಗರು. ವಾಲ್ವು ಕಾಯುವ ತನಕ ಎಲ್ಲರೂ ಕಾದರು. ಧೂಳು ಬೆಚ್ಚಗಾದ ವಾಸನೆ ಲ್ಯಾಬಿನಲ್ಲಿ ಹರಡಿತು. ಮೊದಲು ಐದನೇ ಬೊಟ್ಟಿಗೆ ಇಟ್ಟು ಬಾರಿಸಲು ಹೇಳಿದೆ. ತಿಳಿನೀರು. ಆಮೇಲೆ ನಾನೇ ಗುಂಡಿ ತಿರುಗಿಸಿದೆ.

ಆಂಥನಿ ಅಂಕಲ್ ಒಂದು ಸ್ವರ ಹಿಡಿದರು. ಅದು ಏರುತ್ತಿದ್ದ ಹಾಗೆ ಅವರು ಗಿಟಾರಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ನನ್ನನ್ನು ಮರೆತರು. ಎರಡು ನಿಮಿಷ ಅಂದವರು ಎಷ್ಟೋ ಹೊತ್ತು ಬಾರಿಸಿದರು. ಸ್ಕೋಪಿನ ಪರದೆಯಲ್ಲಿ ಗುಡ್ಡಗಳ ತಲೆ ಚಪ್ಪಟೆಯಾಗಿ ನಿಂತಿದ್ದವು. ದೇಸಾಯಿ ಸರ್ ಕಿವಿ ಮುಚ್ಚಿಕೊಳ್ಳುತ್ತಾರೆಂದು ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅವರ ಬೆರಳು ಮೇಜಿನ ಮೇಲೆ ಮೆಲ್ಲಗೆ ಲಯ ಹಾಕುತ್ತಿತ್ತು.

ಬಾರಿಸುವುದು ನಿಂತ ಮೇಲೆ ಸರ್ ಕನ್ನಡಕ ತೆಗೆದು ಒರೆಸಿದರು. "ಧ್ವನಿ ಒಡದದ" ಅಂದರು. ಕನ್ನಡಕ ಮತ್ತೆ ಹಾಕಿಕೊಂಡರು. "ಧ್ವನಿ ಒಡದದ ಖರೇ. ಸ್ವರ ಒಡದಿಲ್ಲ ನೋಡು." ಅಷ್ಟು ಹೇಳಿ ಪೆನ್ನು ತೆಗೆದು ಸಹಿ ಮಾಡಿದರು.

ಹೊರಗೆ ಆಂಥನಿ ಅಂಕಲ್ ಮೆಟ್ಟಿಲ ಮೇಲೆ ಕೂತು ಬೆರಳು ತಿಕ್ಕಿಕೊಳ್ಳುತ್ತಿದ್ದರು. "ಇಷ್ಟ ವರ್ಷ ನನ್ನ ಮುಂದನ ಇತ್ತಲ್ಲ ಬೇಟಾ. ನಿಮ್ಮಪ್ಪ ಬಿಟ್ಟಿದ್ರ..." ಎಂದು ನಿಲ್ಲಿಸಿದರು. ಆಮೇಲೆ ತಾವೇ ನಕ್ಕರು. "ಬಿಟ್ಟಿದ್ರ ಹುಬ್ಬಳ್ಳ್ಯಾಗ ಒಂದು ಮದಿವಿನೂ ನಡೀತಿದ್ದಿಲ್ಲ ಬಿಡು." ಮಳೆಗಾಲ ಮುಗಿಯುವ ಮೊದಲು ಅವರು ಮಗಳ ಹತ್ತಿರ ಗೋವಾಕ್ಕೆ ಹೋದರು. ಆಮೇಲೆ ಭೆಟ್ಟಿಯಾಗಲಿಲ್ಲ.

ಅತ್ತಿ ನಿಧಾನಕ್ಕೆ ಒಲೆ ಬಿಟ್ಟು ನನಗೇ ಮಾತಾಡತೊಡಗಿದಳು. ಉಪ್ಪು, ಎಣ್ಣೆ, ನಳದ ನೀರು, ಅಂಥ ಮಾತು. ಅರಗಿನ ಮಾತು ಮಾತ್ರ ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆ ಕರವಸ್ತ್ರ ಒಂದು ದಿನ ನನ್ನ ಕಪಾಟಿನಿಂದ ಹೋಗಿ ಅವಳ ಟ್ರಂಕಿನಲ್ಲಿ ಕಾಣಿಸಿತು.

ಮುಂದಿನ ವರ್ಷ ಧಾರವಾಡದಲ್ಲಿ ಪದವಿ ಪ್ರದಾನ. ಬರುವುದಿಲ್ಲ ಅಂದುಕೊಂಡಿದ್ದೆ, ಅತ್ತಿ ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ಬಸ್ಸಿನಲ್ಲಿ ರಾಯಾಪುರ ದಾಟುವ ತನಕ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ ಕೂತೆವು. ಸಭಾಭವನದಲ್ಲಿ ಅವಳನ್ನು ಹಿಂದಿನ ಸಾಲಿನಲ್ಲಿ ಕೂಡಿಸಿದರು. ನನ್ನ ಹೆಸರು ಕೂಗಿದಾಗ ಮೈಕು ಗರ್ರ್ ಅಂತು. ಎಲ್ಲರೂ ಮುಖ ಕಿವುಚಿದರು. ನಾನು ತಿರುಗಿ ನೋಡಿದೆ, ಅತ್ತಿಯೂ ನನ್ನನ್ನೇ ನೋಡುತ್ತಿದ್ದಳು.

ಪ್ರಮಾಣಪತ್ರವನ್ನು ತಂದು ಅವಳ ಕೈಯಲ್ಲಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಓದಲು ಬಾರದವರು ಕಾಗದ ನೋಡುವ ರೀತಿಯೇ ಬೇರೆ. ಅವರು ಅಕ್ಷರ ಬಿಟ್ಟು ಉಳಿದದ್ದೆಲ್ಲ ನೋಡುತ್ತಾರೆ. ಅಂಚು, ಬಣ್ಣ, ದಪ್ಪ. ಅವಳ ಹೆಬ್ಬೆರಳು ಕೆಳಗಿನ ಮೂಲೆಗೆ ಬಂದು, ಉಬ್ಬಿದ ಒಂದು ದುಂಡನೆಯ ಗುರುತಿನ ಮೇಲೆ ನಿಂತಿತು.

"ಇದೇನ ಇಲ್ಲೆ ಉಬ್ಬೇತಿ?"

"ಮುದ್ರಿ ಅತ್ತಿ. ಯುನಿವರ್ಸಿಟೀದು."

"ಅಂದ್ರ ಅವರ ಹೆಬ್ಬೆಟ್ಟು?"

"ಹೌದು. ಹಂಗ ತಿಳಕೋ."

ಅತ್ತಿ ಅದರ ಮೇಲೆ ಬೆರಳಾಡಿಸಿದಳು. ಅಂದು ಶೆಡ್ಡಿನಲ್ಲಿ ಮಾಡಿದ ಹಾಗೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಕಾಗದವನ್ನು ನನ್ನ ಕೈಗೆ ಕೊಟ್ಟು, ಮುಖ ಬೇರೆ ಕಡೆ ಮಾಡಿ ಹೇಳಿದಳು.

"ತಗೊ. ಇದನ್ನರ ಒಡೀಬ್ಯಾಡ."